ಪ್ರಿಂಟ್ ಕೊಟ್ಟ ವರದಿ ತಾನೇ ಡಿ ಡ್ರೈವಿಗೆ ಹೋಗುವಂತೆ ಮಾಡಿಕೊಂಡದ್ದು

ನಮ್ಮೂರಿನ ಮಹಿಳಾ ಹಾಲು ಉತ್ಪಾದಕರ ಸಂಘದಲ್ಲಿ ನಾನು ಕಾರ್ಯದರ್ಶಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹಾಲು ಅಳೆಯುತ್ತೇವೆ. ಪ್ರತಿ ಸರದಿ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ವರದಿ ತೆಗೆಯಬೇಕು: ಸದಸ್ಯರ ನಂಬರು, ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ. ನಮ್ಮ ತಂತ್ರಾಂಶದಲ್ಲಿ ಇದಕ್ಕೆ ಪ್ರಿಂಟ್ ಗುಂಡಿ ಮಾತ್ರ ಇದೆ, ಸೇವ್ ಮಾಡುವ ದಾರಿ ಇಲ್ಲ.

ಸದಸ್ಯರ ಕೈಗೆ ಕೊಡುವುದು ಸಣ್ಣ ಥರ್ಮಲ್ ಚೀಟಿ. ಒಲೆ ಹತ್ತಿರದ ಗೂಡಿನಲ್ಲಿಟ್ಟರೆ ಅದರ ಅಕ್ಷರ ಅಳಿಸಿಹೋಗುತ್ತದೆ. ಹಾಗಾಗಿ ಬಟವಾಡೆ ದಿನ ಯಾರಾದರೂ 'ನನ್ನ ಫ್ಯಾಟು ಇಷ್ಟು ಕಮ್ಮಿ ಹೆಂಗಮ್ಮ ಆಯ್ತು?' ಅಂತ ಕೇಳಿದರೆ ತೋರಿಸೋಕೆ ಉಳಿಯೋದು ಸಂಘದ ಪ್ರತಿ ಒಂದೇ. ಲೀಟರಿಗೆ ಐದು ರೂಪಾಯಿ ಸರ್ಕಾರದ ಪ್ರೋತ್ಸಾಹಧನವೂ ಇದೇ ಲೀಟರಿನ ಲೆಕ್ಕದ ಮೇಲೆ ಬರುವುದು. ಅದಕ್ಕೇ ಈ ಹಾಳೆಗಳ ಬಗ್ಗೆ ನನಗೆ ಅಷ್ಟು ಕಾಳಜಿ.

ಮೊದಲು 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಆರಿಸಿ ಡೆಸ್ಕ್‌ಟಾಪ್ ಮೇಲೆ ಇಡುತ್ತಿದ್ದೆ. ವಿಂಡೋಸ್ 10ರಿಂದ ಇದು ಕಂಪ್ಯೂಟರಿನ ಜೊತೆಗೇ ಬರುತ್ತದೆ. ಒಂದು ದಿನ ಯಂತ್ರ ಆನ್ ಆಗದೆ ರಿಪೇರಿಗೆ ಕೊಟ್ಟೆವು. ಹೊಸದಾಗಿ ವಿಂಡೋಸ್ ಹಾಕಿ ತಂದುಕೊಟ್ಟರು. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ಅವರು ಫಾರ್ಮ್ಯಾಟ್ ಮಾಡಿದ್ದೂ ಅದನ್ನೇ. ಎಂಟು ತಿಂಗಳ ವರದಿ ಹೋಯಿತು. ಆಡಿಟಿಗೆ ಮುಂಚೆ ರಿಜಿಸ್ಟರ್ ಮುಂದಿಟ್ಟುಕೊಂಡು ರಾತ್ರಿ ರಾತ್ರಿ ಕೂತು ಮತ್ತೆ ಬರೆದೆ. ಡಿ ಡ್ರೈವಿನಲ್ಲಿದ್ದ ಮದುವೆ ಫೋಟೋಗಳು ಮಾತ್ರ ಒಂದೂ ಹೋಗಿರಲಿಲ್ಲ.

ವರದಿ ಹೋಗುವ ಜಾಗವನ್ನು ಒಂದೇ ಸಲ ಗೊತ್ತು ಮಾಡಿಬಿಡಬೇಕು, ದಿನಾ ಕೇಳಿಸಿಕೊಳ್ಳಬಾರದು ಅಂತ ಆವತ್ತೇ ನಿರ್ಧರಿಸಿದೆ. ಸಾಲಿನಲ್ಲಿ ಜನ ನಿಂತಿರುವಾಗ 'ಎಲ್ಲಿ ಇಡಲಿ, ಏನು ಹೆಸರು' ಅಂತ ಕಿಟಕಿ ತೆರೆದುಕೊಂಡರೆ ಕೈಗೆ ಬಂದದ್ದನ್ನು ಒತ್ತಿಬಿಡುತ್ತೇವೆ.

ಆ ಕಿಟಕಿ ಬರುವುದು, ಪ್ರಿಂಟ್ ಎಲ್ಲಿಗೆ ಹೋಗಬೇಕೆಂದು ಗೊತ್ತುಮಾಡುವ ಪ್ರಿಂಟರಿನ ಪೋರ್ಟ್‌ನಿಂದ. ಪಿಡಿಎಫ್ ಪ್ರಿಂಟರಿನ ಪೋರ್ಟ್ ಹೆಸರು 'ಪೋರ್ಟ್‌ಪ್ರಾಂಪ್ಟ್', ಅಂದರೆ ಪ್ರತಿ ಸಲ ಕೇಳುವಂಥದ್ದು. ಅದರ ಬದಲು 'ಲೋಕಲ್ ಪೋರ್ಟ್' ಮಾಡಿ, ಪೋರ್ಟಿನ ಹೆಸರಾಗಿ ಫೈಲಿನ ಪೂರ್ತಿ ವಿಳಾಸವನ್ನೇ ಬರೆದರೆ ವಿಂಡೋಸ್ ಕೇಳದೆ ಅಲ್ಲಿಗೇ ಬರೆಯುತ್ತದೆ. ಮೊದಲು ಡಿ ಡ್ರೈವಿನಲ್ಲಿ 'ವರದಿ' ಅಂತ ಫೋಲ್ಡರ್ ಮಾಡಿಕೊಂಡೆ. ಆಮೇಲೆ ಹೊಸ ಪ್ರಿಂಟರ್ ಸೇರಿಸುವಲ್ಲಿ ಕೈಯಾರೆ ಸೇರಿಸುವ ಆಯ್ಕೆ ಹಿಡಿದು, ಹೊಸ ಲೋಕಲ್ ಪೋರ್ಟ್ ಕೊಟ್ಟು, ಆ ಫೋಲ್ಡರಿನೊಳಗಿನ ಒಂದು ಪಿಡಿಎಫ್ ಹೆಸರನ್ನು ಪೂರ್ತಿ ಟೈಪ್ ಮಾಡಿದೆ. ಡ್ರೈವರ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಅಡಿಯಲ್ಲಿ ಅದೇ 'ಪ್ರಿಂಟ್ ಟು ಪಿಡಿಎಫ್' ಆರಿಸಿ, ಪ್ರಿಂಟರಿಗೆ 'ಹಾಲು ವರದಿ' ಅಂತ ಹೆಸರಿಟ್ಟೆ. ಹಳೆಯದನ್ನು ಮುಟ್ಟಲಿಲ್ಲ, ಬೇರೆ ಕಾಗದಪತ್ರಕ್ಕೆ ಅದು ಹಾಗೇ ಇರಲಿ. ಕಾಗದದ ಅಳತೆ ಲೆಟರ್ ಅಂತ ಬಂದಿತ್ತು, ಎ4 ಮಾಡಿದೆ. ಇಲ್ಲದಿದ್ದರೆ ಕೊನೇ ಸಾಲಿನ ಸದಸ್ಯರು ಮುಂದಿನ ಪುಟಕ್ಕೆ ಬೀಳುತ್ತಿದ್ದರು.

ಇಲ್ಲೊಂದು ತೊಡಕಿದೆ. ಹೆಸರು ಒಂದೇ ಆದ್ದರಿಂದ ಸಂಜೆ ವರದಿ ಬೆಳಗಿನದರ ಮೇಲೇ ಬರೆದುಬಿಡುತ್ತದೆ. ಇದಕ್ಕೆ ಅಕ್ಕನ ಮಗನ ಸಹಾಯ ತಗೊಂಡೆ. ಅವನು ನಾಲ್ಕೈದು ಸಾಲಿನ ಬ್ಯಾಚ್ ಫೈಲ್ (ಕಂಪ್ಯೂಟರ್ ಒಂದಾದ ಮೇಲೊಂದು ನಡೆಸುವ ಆಜ್ಞೆಗಳ ಪಟ್ಟಿ) ಬರೆದುಕೊಟ್ಟ: ಹತ್ತು ಸೆಕೆಂಡಿಗೊಮ್ಮೆ ಫೋಲ್ಡರ್ ನೋಡುವುದು, ಫೈಲ್ ಬಂದಿದ್ದರೆ ದಿನಾಂಕ ಮತ್ತು ಸಮಯವನ್ನೇ ಹೆಸರಾಗಿಟ್ಟು ಆ ತಿಂಗಳ ಫೋಲ್ಡರಿಗೆ ಸರಿಸುವುದು. ಸ್ಟಾರ್ಟ್‌ಅಪ್ ಫೋಲ್ಡರಿನಲ್ಲಿ ಹಾಕಿದ್ದರಿಂದ ಕಂಪ್ಯೂಟರ್ ಹಚ್ಚಿ ಲಾಗಿನ್ ಆದ ಕೂಡಲೇ ಶುರುವಾಗುತ್ತದೆ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ದಿನ. ಹಾಗಿದ್ದರೇನೇ ಫೈಲುಗಳು ಸಾಲಾಗಿ ಕೂರುವುದು.

ಒಂದು ವಾರ ಬಿಟ್ಟು ನೋಡಿದರೆ ಸಂಜೆ ಹೊತ್ತಿನ ಹೆಸರುಗಳೇ ಇವೆ, ಬೆಳಗಿನ ಹೊತ್ತಿನ ಹೆಸರು ಒಂದೂ ಇಲ್ಲ! ನಾನು ಪ್ರಿಂಟ್ ಕೊಟ್ಟಿದ್ದೆ, ಅದರಲ್ಲಿ ಅನುಮಾನವಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಏಳೂಕಾಲಿಗೆ ಪ್ರಿಂಟ್ ಕೊಟ್ಟು ಬ್ಯಾಚ್ ಫೈಲ್ ಓಡುವ ಕಪ್ಪು ಕಿಟಕಿಯನ್ನೇ ನೋಡುತ್ತಾ ಕೂತೆ. ಹತ್ತು ಸೆಕೆಂಡಿಗೊಮ್ಮೆ ಅದೇ ತಪ್ಪಿನ ಸಾಲು. ಅಕ್ಕನ ಮಗನಿಗೆ ಫೋನಿನಲ್ಲಿ ಓದಿ ಹೇಳಿದೆ. 'ಚಿಕ್ಕಮ್ಮ, ಹತ್ತು ಗಂಟೆ ಒಳಗಿನ ಸಮಯ ಅಲ್ವಾ, ಏಳಕ್ಕೆ ಮುಂಚೆ ಸೊನ್ನೆ ಇಲ್ಲ, ಖಾಲಿ ಜಾಗ ಇದೆ' ಅಂದ. ಆ ಖಾಲಿ ಜಾಗದಿಂದ ಹೆಸರು ಎರಡು ತುಂಡಾಗಿ ಆಜ್ಞೆಯೇ ಕೆಡುತ್ತಿತ್ತು. ಬೆಳಗಿನ ಫೈಲ್ ಅಲ್ಲೇ ಉಳಿದು, ಸಂಜೆ ಕಂಪ್ಯೂಟರ್ ಹಚ್ಚಿದಾಗ ಸಂಜೆ ಹೊತ್ತಿನ ಹೆಸರಿನಲ್ಲಿ ಸರಿಯುತ್ತಿತ್ತು. ಖಾಲಿ ಜಾಗಕ್ಕೆ ಸೊನ್ನೆ ತುಂಬುವಂತೆ ಮಾಡಿದ ಮೇಲೆ ಸರಿಹೋಯಿತು. ಆ ವಾರದ ಬೆಳಗಿನ ವರದಿಗಳಿಗೆ ಸರಿಯಾದ ಹೆಸರು ನಾನೇ ಕೊಟ್ಟು ಇಟ್ಟೆ.

ಬಂದ ಫೈಲನ್ನು ಸರಿಯುವ ಮುಂಚೆ ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದರೆ ಅದು ಬೀಗ ಹಾಕಿದಂತೆ ಹಿಡಿದುಕೊಳ್ಳುತ್ತದೆ, ಮುಂದಿನ ಪ್ರಿಂಟ್ ಸರತಿಯಲ್ಲೇ ನಿಂತುಬಿಡುತ್ತದೆ. ಎರಡು ವರದಿಗಳನ್ನು ಬೆನ್ನಿಗೆ ಬೆನ್ನಿಗೆ ಕೊಡುವುದೂ ಬೇಡ, ಒಂದು ಸರಿದ ಮೇಲೆ ಇನ್ನೊಂದು ಕೊಡಿ.

ನಮ್ಮ ತಂತ್ರಾಂಶ ಸದಸ್ಯರ ಹೆಸರನ್ನು ಹಳೇ 'ನುಡಿ' ಫಾಂಟಿನ ಅಕ್ಷರದಲ್ಲಿ ಅಚ್ಚು ಮಾಡುತ್ತದೆ, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಕ್ಷರ ಅಲ್ಲ. ಪಿಡಿಎಫ್‌ನಲ್ಲಿ ಕಣ್ಣಿಗೆ ಕನ್ನಡ ಚೆನ್ನಾಗಿ ಕಾಣುತ್ತದೆ, ಆದರೆ 'ರಂಗಮ್ಮ' ಅಂತ ಹುಡುಕಿದರೆ ಸಿಗುವುದಿಲ್ಲ. ಅದಕ್ಕೆ ನಾನು ಸದಸ್ಯರ ನಂಬರಿನಿಂದ ಹುಡುಕುತ್ತೇನೆ.

ಪ್ರತಿ ಬಟವಾಡೆ ಮುಗಿದ ಸಂಜೆ ಆ ತಿಂಗಳ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ ಅಧ್ಯಕ್ಷರ ಮನೆಗೆ ಕೊಟ್ಟು ಬರುತ್ತೇನೆ. ಯಾಕೆಂದರೆ ಡಿ ಡ್ರೈವ್ ಕೂಡ ಅದೇ ಡಬ್ಬಿಯೊಳಗಿನ ಅದೇ ಡಿಸ್ಕಿನ ಒಂದು ಭಾಗ, ಡಿಸ್ಕೇ ಕೆಟ್ಟರೆ ಅದೂ ಹೋಗುತ್ತದೆ.