ಒಂದೇ ವಿಮಾನ, ಒಂದೇ ದಿನ: ಎಕ್ಸ್-15 ಮಾಡೆಲ್‌ಗೆ ಸರಿಯಾದ ಆಧಾರ ಹುಡುಕುವುದು ಹೇಗೆ

ಎಕ್ಸ್-15 ಅಮೆರಿಕದ ಪ್ರಯೋಗದ ರಾಕೆಟ್ ವಿಮಾನ, ಅದನ್ನು ಬಿ-52 ಅನ್ನುವ ದೊಡ್ಡ ವಿಮಾನದ ರೆಕ್ಕೆಯಡಿಯಿಂದ ಬಿಟ್ಟು ಹಾರಿಸುತ್ತಿದ್ದರು. ಚೆಂದಕ್ಕೆ ಬಣ್ಣ ಹೊಡೆದ ಎಕ್ಸ್-15 ಮಾಡೆಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಬಹಳಷ್ಟರಲ್ಲಿ ಒಂದೇ ತಪ್ಪು ಇರುತ್ತದೆ. ಹಿಂದಿನ ಸ್ಕಿಡ್‌ಗಳನ್ನು (ಚಕ್ರದ ಬದಲು ಇರುವ ಜಾರುಪಟ್ಟಿಗಳು) ಇಳಿಸಿ ನೆಲದ ಮೇಲೆ ನಿಲ್ಲಿಸಿರುತ್ತಾರೆ, ಜೊತೆಗೆ ಹೊಟ್ಟೆಯಡಿಯ ಪೂರ್ತಿ ಫಿನ್ನನ್ನೂ (ಬಾಲದ ನೆಟ್ಟನೆಯ ರೆಕ್ಕೆ) ಅಂಟಿಸಿರುತ್ತಾರೆ. ಹಾಗೆ ನಿಲ್ಲೋಕೆ ಸಾಧ್ಯವೇ ಇಲ್ಲ. ಆ ಫಿನ್ ಸ್ಕಿಡ್‌ಗಿಂತ ಕೆಳಕ್ಕೆ ಚಾಚಿಕೊಂಡಿತ್ತು, ಅದಕ್ಕೇ ಇಳಿಯುವ ಮುಂಚೆ ಅದರ ಕೆಳಭಾಗವನ್ನು ಪೈಲಟ್ ಕಳಚಿ ಬೀಳಿಸಬೇಕಿತ್ತು. ಈ ತಪ್ಪು ಮಾಡಿದವರು ಸೋಮಾರಿಗಳಲ್ಲ. ಅವರ ಹತ್ತಿರ ಫೋಟೋಗಳು ಇದ್ದವು, ಜಾಸ್ತಿಯೇ ಇದ್ದವು. ಬೇರೆ ಬೇರೆ ದಿನದ ಫೋಟೋಗಳನ್ನು ಒಂದೇ ವಿಮಾನಕ್ಕೆ ಸೇರಿಸಿಬಿಟ್ಟರು, ಅಷ್ಟೇ.

ಪ್ರಯೋಗದ ವಿಮಾನಗಳ ಕಷ್ಟವೇ ಇದು. ಸಾವಿರಾರು ಕಟ್ಟಿದ ಯುದ್ಧವಿಮಾನವಾದರೆ ಒಂದರ ಫೋಟೋ ಇನ್ನೊಂದಕ್ಕೆ ಆಗುತ್ತದೆ. ಎಕ್ಸ್-15 ಕಟ್ಟಿದ್ದು ಬರೀ ಮೂರು. 1959ರಿಂದ 1968ರವರೆಗೆ ಅವು 199 ಸಲ ಹಾರಿದವು. ಪ್ರಯೋಗಕ್ಕೆಂದೇ ಇದ್ದ ವಿಮಾನಗಳು, ಹಾಗಾಗಿ ಏನಾದರೊಂದು ಬದಲಾಗುತ್ತಲೇ ಇತ್ತು.

ಮೊದಲು ದಿನ ಆರಿಸಿ

ಕಿಟ್ ಡಬ್ಬ ತೆಗೆಯುವ ಮುಂಚೆ ಯಾವ ವಿಮಾನ, ಯಾವ ದಿನ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮೂರು ವಿಮಾನಗಳ ಸೀರಿಯಲ್ ಸಂಖ್ಯೆ 56-6670, 56-6671, 56-6672. ಎಕ್ಸ್-15ರ ಹಾರಾಟಗಳಿಗೆ ಕೊಟ್ಟ ನಂಬರ್ ನಮಗೆ ತುಂಬ ಸಹಾಯ ಮಾಡುತ್ತದೆ. 2-53-97 ಅಂತ ಕಂಡರೆ ಮೊದಲನೆಯದು ಎರಡನೇ ವಿಮಾನ ಅಂತ, ನಡುವಿನದು ಆ ವಿಮಾನದ 53ನೇ ಸ್ವಂತ ಹಾರಾಟ ಅಂತ, ಕೊನೆಯದು ಬಿ-52 ಅದನ್ನು ರೆಕ್ಕೆಯಡಿ ಹೊತ್ತೊಯ್ದದ್ದು 97ನೇ ಸಲ ಅಂತ. ಈ ನಂಬರ್ ಕೈಯಲ್ಲಿದ್ದರೆ ದಿನಾಂಕ, ಪೈಲಟ್, ಎಂಜಿನ್ ಎಲ್ಲ ಒಂದೊಂದಾಗಿ ಸಿಗುತ್ತಾ ಹೋಗುತ್ತವೆ.

ಇದೇ 2-53-97ನ್ನು ನೋಡಿ. ಅದು 1967ರ ಅಕ್ಟೋಬರ್ 3, ಪೈಲಟ್ ಪೀಟ್ ನೈಟ್ ಮ್ಯಾಕ್ 6.7, ಅಂದರೆ ಶಬ್ದದ ವೇಗದ 6.7 ಪಟ್ಟು, ಮುಟ್ಟಿದ ದಿನ. 1962ರ ನವೆಂಬರ್‌ನಲ್ಲಿ ಇಳಿಯುವಾಗ ಜಖಂ ಆದ ಎರಡನೇ ವಿಮಾನವನ್ನು ಉದ್ದ ಮಾಡಿ ಮತ್ತೆ ಕಟ್ಟಿದ್ದರು, ಎಕ್ಸ್-15ಎ-2 ಅನ್ನುವುದು ಅದನ್ನೇ. ಆ ದಿನ ಅದರ ಮೈ ಕಪ್ಪಲ್ಲ, ಬಿಳಿ. ಶಾಖ ತಡೆಯುವ ಗುಲಾಬಿ ಲೇಪನದ ಮೇಲೆ ಬಿಳಿ ಪದರ ಹಚ್ಚಿದ್ದರು. ಎರಡು ಹೊರ ಟ್ಯಾಂಕ್, ಕೆಳಗಿನ ಫಿನ್‌ಗೆ ಡಮ್ಮಿ ಜೆಟ್ ಎಂಜಿನ್, ಅಂದರೆ ರ‍್ಯಾಮ್‌ಜೆಟ್. ಇದು ಹೊರಡುವಾಗಿನ ರೂಪ. ಇಳಿಯುವ ಹೊತ್ತಿಗೆ ಟ್ಯಾಂಕ್ ಇಲ್ಲ, ರ‍್ಯಾಮ್‌ಜೆಟ್ ಇಲ್ಲ, ಮೈಯೆಲ್ಲ ಸುಟ್ಟ ಕಲೆ. ಅಂದರೆ ದಿನ ಆರಿಸಿದರೂ ಸಾಲದು, ಬೆಳಗ್ಗೆಯೋ ಇಳಿದ ಮೇಲೋ ಅನ್ನುವುದನ್ನೂ ಚೀಟಿಯಲ್ಲಿ ಬರೆಯಬೇಕು.

ಅಳತೆ

ನಾಸಾದ ಟೆಕ್ನಿಕಲ್ ರಿಪೋರ್ಟ್ಸ್ ಸರ್ವರ್‌ನಲ್ಲಿ ಹಳೆಯ ವರದಿಗಳು ಪುಕ್ಕಟೆ ಸಿಗುತ್ತವೆ. ನಾಸಾಕ್ಕೂ ಮುಂಚಿನ ನಾಕಾ ಕಾಲದವೂ ಇವೆ. ಸ್ಥಿರತೆ, ನಿಯಂತ್ರಣದ ಬಗ್ಗೆ ಇರುವ ವರದಿ ತೆಗೆದರೆ ಮೊದಲ ಕೆಲವು ಪುಟಗಳಲ್ಲೇ ಮೂರು ಕಡೆಯ ಚಿತ್ರವೂ ಅಳತೆಯ ಪಟ್ಟಿಯೂ ಇರುತ್ತವೆ. ರೆಕ್ಕೆಯ ಅಗಲ 22 ಅಡಿ 4 ಇಂಚು, ವಿಸ್ತೀರ್ಣ 200 ಚದರ ಅಡಿ, ದಪ್ಪ ಕಾರ್ಡ್‌ನ (ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿನವರೆಗಿನ ಅಳತೆ) ಶೇ. 5 ಮಾತ್ರ, ಹೀಗೆ. 1/72ರಲ್ಲಿ ಆ ಅಗಲ 94.5 ಮಿ.ಮೀ., 1/48ರಲ್ಲಿ ಸುಮಾರು 142. ನಿಮ್ಮ ಕಿಟ್ಟನ್ನೂ, ಕೊಂಡ ಡ್ರಾಯಿಂಗನ್ನೂ ಮೊದಲು ಇದರ ಮುಂದೆ ಹಿಡಿದು ನೋಡಿ.

ಎರಡು ಕಡೆ ಎಡವುತ್ತೇವೆ. ಒಂದು, ವಿಂಡ್ ಟನಲ್ (ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗ) ವರದಿಯ ಚಿತ್ರ ಪರೀಕ್ಷೆಯ ಸಣ್ಣ ಮಾಡೆಲ್‌ನದು. ಅದನ್ನು ಹಿಂದಿನಿಂದ ಕಂಬಿಗೆ ಸಿಕ್ಕಿಸಬೇಕು, ಹಾಗಾಗಿ ಬಾಲದ ತುದಿ ನಿಜವಾದ ವಿಮಾನದ ಹಾಗೆ ಇರಲೇಬೇಕು ಅಂತಿಲ್ಲ. ಇನ್ನೊಂದು, ಸ್ಟೇಷನ್ ಸಂಖ್ಯೆಗಳು, ಅಂದರೆ ವಿಮಾನದ ಉದ್ದಕ್ಕೂ ಜಾಗ ಗುರುತಿಸುವ ಇಂಚಿನ ಲೆಕ್ಕ. ಸ್ಟೇಷನ್ 200 ಅಂದರೆ ಮೂತಿಯಿಂದ 200 ಇಂಚು ಅಂತಲೇ ಅಲ್ಲ, ಸೊನ್ನೆ ಎಲ್ಲಿಂದ ಬೇಕಾದರೂ ಶುರುವಾಗಿರಬಹುದು. ಎರಡು ಸ್ಟೇಷನ್‌ಗಳ ವ್ಯತ್ಯಾಸವನ್ನು ಮಾತ್ರ ನಂಬಿ.

ದುಡ್ಡು ಕೊಟ್ಟು ಇಳಿಸಿಕೊಳ್ಳುವ ಬ್ಲೂಪ್ರಿಂಟ್‌ಗಳ ಬಗ್ಗೆ ನನ್ನ ಮಾತು ಖಡಾಖಂಡಿತ: ಬೇಡ. ಒಮ್ಮೆ ನಾನು ಕೊಂಡದ್ದರಲ್ಲಿ ಮೇಲಿನ ನೋಟಕ್ಕೂ ಪಕ್ಕದ ನೋಟಕ್ಕೂ ಉದ್ದವೇ ಬೇರೆ ಇತ್ತು. ಅದನ್ನು ನಂಬಿ ಕತ್ತರಿಸಿದ ಪ್ಲಾಸ್ಟಿಕ್ ಎಲ್ಲ ಹಾಳಾಯಿತು.

ಫೋಟೋಗೆ ದಿನಾಂಕ ಹಚ್ಚುವುದು

ಎಲ್ಲರೂ ಸೋಲುವುದು ಇಲ್ಲೇ, ಇದಕ್ಕೆ ವಾರಗಟ್ಟಲೆ ಸಮಯ ಇಟ್ಟುಕೊಳ್ಳಿ. ಫೋಟೋ ಸಿಗುವುದು ಕಷ್ಟವಲ್ಲ. ನಾಸಾದ ಆರ್ಮ್‌ಸ್ಟ್ರಾಂಗ್ ಕೇಂದ್ರದ ಸಂಗ್ರಹ ಇದೆ, ಅಮೆರಿಕದ ಡೇಟನ್ ನಗರದ ವಾಯುಪಡೆ ಮ್ಯೂಸಿಯಂ ಇದೆ, ಹಳೆಯ ಫಿಲ್ಮ್‌ಗಳಿವೆ. ಆದರೆ ಫೋಟೋದ ಕೆಳಗಿನ ಬರಹವನ್ನು ಸುಮ್ನೆ ನಂಬಬೇಡಿ. ಅಲ್ಲಿರುವ ದಿನಾಂಕ ಕೆಲವೊಮ್ಮೆ ಫೋಟೋ ತೆಗೆದದ್ದಲ್ಲ, ಆಮೇಲೆ ದಾಖಲಿಸಿದ್ದು. ಫೋಟೋದ ಒಳಗೇ ಸಾಕ್ಷಿ ಹುಡುಕಬೇಕು.

ನಾನು ಮೊದಲು ನೋಡುವುದು ಅಕ್ಷರ. ಮೈ ಮೇಲಿನ ಬರಹ ತಿರುಗುಮುರುಗಾಗಿದ್ದರೆ ನೆಗೆಟಿವ್ ಮಗುಚಿ ಪ್ರಿಂಟ್ ಹಾಕಿದ್ದಾರೆ ಅಂತ, ಎಡ ಬಲ ಎಲ್ಲ ಅದಲುಬದಲು. ಆಮೇಲೆ ಬಾಲದ ಸೀರಿಯಲ್. ಆಮೇಲೆ ಮೂತಿ. ಶುರುವಿನ ಹಾರಾಟಗಳಲ್ಲಿ ಮೂತಿಯ ಮುಂದೆ ಉದ್ದನೆಯ ಬೂಮ್ (ಕೋಲು) ಇತ್ತು, ಆಮೇಲೆ ದುಂಡನೆಯ ಬಾಲ್ ನೋಸ್ ಬಂತು. ಆಮೇಲೆ ಹಿಂಭಾಗ. ಮೊದಲು ಎರಡು ಎಕ್ಸ್‌ಎಲ್‌ಆರ್-11 ಎಂಜಿನ್ ಇದ್ದವು, ಒಟ್ಟು ಎಂಟು ಸಣ್ಣ ನಳಿಗೆ. ನಂತರದ್ದು ಎಕ್ಸ್‌ಎಲ್‌ಆರ್-99, ಒಂದೇ ದೊಡ್ಡ ನಳಿಗೆ, ಅದು ಮೊದಲು ಹಾರಿದ್ದು 1960ರ ನವೆಂಬರ್ 15ರಂದು. ಎಂಟು ನಳಿಗೆ ಕಂಡರೆ ಆ ಫೋಟೋ ಆರಂಭದ ಕಾಲದ್ದು ಅಂತ ಧೈರ್ಯವಾಗಿ ಬರೆದುಕೊಳ್ಳಿ. ಆದರೆ ಮೂತಿಯೂ ಎಂಜಿನ್ನೂ ಒಂದೇ ದಿನ ಬದಲಾಗಲಿಲ್ಲ, ಅದಕ್ಕೆ ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು.

ಕೊನೆಗೆ ವಿಮಾನ ಯಾವುದರ ಮೇಲೆ ನಿಂತಿದೆ ನೋಡಿ. ಸ್ಕಿಡ್ ಮೇಲೆ ನಿಂತು ಸುತ್ತ ಒಣಗಿದ ಕೆರೆಯ ಬಿಳಿ ನೆಲ ಕಂಡರೆ ಅದು ಈಗಷ್ಟೇ ಇಳಿದಿದೆ. ಪೂರ್ತಿ ಫಿನ್ ಇದ್ದು ನೆಲದ ಮೇಲಿದ್ದರೆ ಅಡಿಯಲ್ಲಿ ಗಾಲಿಯ ಗಾಡಿಯೋ ಜ್ಯಾಕೋ ಇದ್ದೇ ಇರಬೇಕು, ಫೋಟೋ ಅಂಚಿನಲ್ಲಿ ಹುಡುಕಿ. ಇನ್ನು ಕೆಲವು ಹಾರಾಟಗಳಲ್ಲಿ ಫಿನ್‌ನ ಕೆಳಭಾಗವನ್ನು ಹಾಕಿಯೇ ಇರಲಿಲ್ಲ, ದಿನ ಪತ್ತೆಹಚ್ಚೋಕೆ ಇದೂ ಒಂದು ಗುರುತು.

ಎಕ್ಸ್-15ಕ್ಕಿಂತ ಇತ್ತೀಚಿನ ಎಕ್ಸ್-29ರಂಥ ಪ್ರಯೋಗದ ವಿಮಾನಕ್ಕೆ ಈ ಕೆಲಸ ಸಲೀಸು. ಆ ಕಾಲದ ಕೇಂದ್ರದ ಫೋಟೋ ನಂಬರ್‌ನಲ್ಲಿ ‘ಇಸಿ’ ಆದ ಮೇಲಿನ ಎರಡು ಅಂಕಿಯೇ ವರ್ಷ. ಎರಡನೇ ಎಕ್ಸ್-29 ಮೊದಲು ಹಾರಿದ್ದು 1989ರಲ್ಲಿ. ‘ಇಸಿ88’ ಫೋಟೋದಲ್ಲಿ ಎಕ್ಸ್-29 ಆಕಾಶದಲ್ಲಿದ್ದರೆ ಅದು ಒಂದನೆಯದೇ, ಬಾಲದ ಮೇಲಿನ ಸ್ಪಿನ್ ಪ್ಯಾರಾಚೂಟ್ (ವಿಮಾನ ಗಿರಗಿರ ತಿರುಗಿದರೆ ತಡೆಯುವುದು) ಇದ್ದದ್ದು ಎರಡನೆಯದಕ್ಕೆ, ಹಾಗಾಗಿ ಇದಕ್ಕೆ ಅಂಟಿಸುವ ಹಾಗಿಲ್ಲ.

ಎಐ ಬಳಸಿ ‘ಚುರುಕು’ ಮಾಡಿದ ಹಳೆಯ ಫೋಟೋಗಳನ್ನು ದಯವಿಟ್ಟು ದೂರ ಇಡಿ. ಮಸುಕಾದ ಕಡೆ ಅವು ಇಲ್ಲದ ರಿವೆಟ್, ಇಲ್ಲದ ಗೆರೆ ಬರೆಯುತ್ತವೆ. ಮಸುಕೇ ವಾಸಿ. ಫೋಟೋದಿಂದ ಅಳೆಯುವುದಾದರೆ ದೂರದಿಂದ ತೆಗೆದದ್ದನ್ನೇ ಬಳಸಿ. ಮೂತಿಯ ಹತ್ತಿರ ನಿಂತು ಕ್ಲಿಕ್ ಮಾಡಿದ್ದರಲ್ಲಿ ಮೂತಿ ಊದಿಕೊಂಡು ಬಾಲ ಕುಗ್ಗಿರುತ್ತದೆ.

ಮ್ಯೂಸಿಯಂ

ಒಂದನೇ ವಿಮಾನ ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ವಶದಲ್ಲಿದೆ, ಎರಡನೆಯದು ಡೇಟನ್‌ನಲ್ಲಿದೆ. ಮೂರನೆಯದು 1967ರ ನವೆಂಬರ್ 15ರಂದು ಆಕಾಶದಲ್ಲೇ ಒಡೆದು ಪೈಲಟ್ ಮೈಕೆಲ್ ಆಡಮ್ಸ್ ತೀರಿಕೊಂಡರು. ಹಾಗಾಗಿ ಎಲ್ಲಾದರೂ 56-6672 ಅಂತ ಬರೆದ ಪೂರ್ತಿ ವಿಮಾನದ ಈಗಿನ ಬಣ್ಣದ ಫೋಟೋ ಕಂಡರೆ ಅದು ಪ್ರತಿಕೃತಿ, ಅದರಿಂದ ಒಂದು ಸ್ಕ್ರೂ ಕೂಡ ನಕಲು ಮಾಡಬೇಡಿ. ನಿಜವಾದವುಗಳಿಂದ ಆಕಾರ ತಗೊಳ್ಳಿ, ಬಣ್ಣ ಬೇಡ. ಡೇಟನ್‌ನ ವಿಮಾನ ಈಗ ಕಪ್ಪಗಿದೆ, ಕೊನೆಯ ಸಲ ಹಾರಿದ್ದು ಬಿಳಿ ಮೈಯಲ್ಲಿ.

ಆಕಾರದಲ್ಲಿ ಒಂದನ್ನು ಮಾತ್ರ ಹತ್ತಿರದಿಂದ ನೋಡಿ: ಮೇಲಿನ, ಕೆಳಗಿನ ಫಿನ್‌ಗಳ ಹಿಂದಿನ ಅಂಚು. ಅದು ಚೂಪಲ್ಲ. ಫಿನ್ ಬೆಣೆಯ ಹಾಗೆ ಹಿಂದಕ್ಕೆ ಹೋಗುತ್ತಾ ದಪ್ಪವಾಗುತ್ತದೆ, ಕೊನೆಗೆ ಹಲಗೆ ಕೊಯ್ದ ಹಾಗೆ ಚಪ್ಪಟೆ. ಅಭ್ಯಾಸಬಲದಿಂದ ಅದನ್ನು ಉಜ್ಜಿ ಚೂಪು ಮಾಡಿಬಿಡುತ್ತಾರೆ, ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಬಣ್ಣ

ಬಣ್ಣಕ್ಕೆ ಆ ದಿನದ ಕಲರ್ ಫೋಟೋ ಒಂದಿದ್ದರೆ ಸಾಕು. ಆಕಾಶದ ಫೋಟೋಗಳಲ್ಲಿ ಕಾಕ್‌ಪಿಟ್‌ನ ಹಿಂದೆ ಬೆಳ್ಳಗೆ ಕಾಣುವ ಪಟ್ಟಿ ಪೇಂಟ್ ಅಲ್ಲ. ಒಳಗೆ ದ್ರವ ಆಮ್ಲಜನಕದ ಟ್ಯಾಂಕ್ ಇದೆ, ಆ ಚಳಿಗೆ ಹೊರಗೆ ಕಟ್ಟಿದ ಹಿಮ ಅದು. ಬಿ-52 ರೆಕ್ಕೆಯಡಿ ತೋರಿಸುವುದಾದರೆ ಹಿಮ ಇರಲಿ, ಇಳಿದ ಮೇಲಿನ ಮಾಡೆಲ್‌ಗೆ ಬೇಡ.

ಎಷ್ಟು ಹುಡುಕಿದರೂ ಒಂದೆರಡು ಜಾಗದ ಫೋಟೋ ಸಿಗುವುದಿಲ್ಲ, ಮುಂದಿನ ಚಕ್ರದ ಗೂಡಿನ ಒಳಗೋಡೆಯ ಹಾಗೆ. ಆಗ ಮೂರರಲ್ಲಿ ಇನ್ನೊಂದು ವಿಮಾನದಿಂದ ತಗೊಳ್ಳಿ, ತಗೊಂಡಿದ್ದನ್ನು ಅದೇ ಚೀಟಿಯಲ್ಲಿ ಬೇರೆ ಬಣ್ಣದ ಪೆನ್ನಲ್ಲಿ ಬರೆಯಿರಿ. ಆ ಜಾಗದ ಫೋಟೋ ಮುಂದೆ ಯಾವತ್ತಾದರೂ ಕಣ್ಣಿಗೆ ಬಿದ್ದರೆ ಬಿಚ್ಚಿ ಸರಿಮಾಡಬೇಕಾದದ್ದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.