ಮೊನ್ನೆಯೇ ಹೇಳಿದ್ದೆನಲ್ಲ!

ನಮ್ಮ ತಂಡದಲ್ಲಿ ಏಳು ಜನ. ಕೆಲಸ ಒಂದೇ, ಮಾತು ಮಾತ್ರ ನಾಲ್ಕು ಕಡೆ: ವಾಟ್ಸ್ಆ್ಯಪ್ ಗ್ರೂಪು, ಇಮೇಲ್, ಫೋನು, ಜೊತೆಗೆ ಊಟದ ಹೊತ್ತಿನ ಹರಟೆ.

ಒಮ್ಮೆ ಒಂದು ಆನ್‌ಲೈನ್ ಫಾರ್ಮ್ ಮಾಡುತ್ತಿದ್ದೆವು. ಅದರಲ್ಲಿ ಫೋನ್ ನಂಬರ್ ಕಡ್ಡಾಯ ಬೇಡ ಅಂತ ಕೆಲಸ ಕೊಟ್ಟವರು ನನಗೆ ಕರೆ ಮಾಡಿ ಹೇಳಿದರು. ಪಕ್ಕದಲ್ಲಿದ್ದವರಿಗೆ ತಿಳಿಸಿ ನಾನು ಸುಮ್ಮನಾದೆ. ಅತ್ತ ಇನ್ನಿಬ್ಬರು ಹಳೆಯ ಇಮೇಲ್ ನೋಡಿಕೊಂಡು, ನಂಬರ್ ಹಾಕದಿದ್ದರೆ ಫಾರ್ಮ್ ಮುಂದಕ್ಕೇ ಹೋಗದ ಹಾಗೆ ಮೂರು ದಿನ ಕೂತು ಮಾಡಿದ್ದರು. "ಮೊನ್ನೆಯೇ ಹೇಳಿದ್ದೆನಲ್ಲ!" ಅಂದೆ. "ಯಾರಿಗೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತಂಡದಲ್ಲಿ ಮೂವರೇ ಇದ್ದಾಗ ಹೀಗೆ ಆಗುತ್ತಿರಲಿಲ್ಲ. ಲೆಕ್ಕ ಹಾಕಿ ನೋಡಿದೆ. ಮೂವರಲ್ಲಿ ಪರಸ್ಪರ ಮಾತಾಡುವ ಜೋಡಿ 3, ಏಳು ಜನರಲ್ಲಿ 21!

ಮೊದಲು ಸ್ಲ್ಯಾಕ್ ಅನ್ನುವ ಆಫೀಸ್ ಚಾಟ್ ಆ್ಯಪ್ ತಂದು, ಎಲ್ಲ ಮಾತೂ ಇಲ್ಲೇ ಆಗಬೇಕು ಅಂದೆ. ನಾಲ್ಕು ಕಡೆ ಇದ್ದ ಮಾತು ಐದು ಕಡೆ ಆಯಿತು, ಅಷ್ಟೇ. ಆಮೇಲೆ ಆ ಹಟ ಬಿಟ್ಟೆ. ಮಾತು ಎಲ್ಲಿ ಬೇಕಾದರೂ ಆಗಲಿ, ತೀರ್ಮಾನ ಮಾತ್ರ ಒಂದೇ ಗೂಗಲ್ ಡಾಕ್‌ನಲ್ಲಿ. ಅಲ್ಲಿ ಬರೆದಿಲ್ಲವೆಂದರೆ ತೀರ್ಮಾನ ಆಗಿಲ್ಲ ಅಂತಲೇ ಲೆಕ್ಕ. ಆ ಫೋನ್ ನಂಬರ್ ವಿಷಯವನ್ನೇ ಅಲ್ಲಿ ಬರೆದಿದ್ದರೆ ನಮೂದು ಹೀಗಿರುತ್ತಿತ್ತು:

"19. ಮಾರ್ಚ್ 12. ಫೋನ್ ನಂಬರ್ ಕಡ್ಡಾಯವಲ್ಲ. ಕಾರಣ: ಕೆಲವರು ಇಮೇಲ್ ಮಾತ್ರ ಕೊಡುತ್ತಾರೆ. 11ನೇ ತೀರ್ಮಾನ ರದ್ದು. ಮಾರ್ಚ್ 15ರ ಸಂಜೆ 5ರೊಳಗೆ ತಿದ್ದಬೇಕು."

ಪಕ್ಕದಲ್ಲಿ ತಿದ್ದುವವರ ಹೆಸರು, ಒಬ್ಬರದೇ. ಇಬ್ಬರ ಹೆಸರು ಹಾಕಿದರೆ ಇವರು ಮಾಡುತ್ತಾರೆ ಅಂತ ಅವರು, ಅವರು ಮಾಡುತ್ತಾರೆ ಅಂತ ಇವರು. 'ನಾಳೆ', 'ಬೇಗ' ಅಂತ ಬರೆಯುವಂತಿಲ್ಲ. ಎರಡು ದಿನ ಬಿಟ್ಟು ಓದುವವರಿಗೆ ಅದು ಯಾವ ನಾಳೆ, ಅಲ್ವಾ? ರದ್ದಾದದ್ದನ್ನು ಅಳಿಸುವುದಿಲ್ಲ, ಗೆರೆ ಎಳೆದು ಬಿಡುತ್ತೇವೆ. 'ಕಾರಣ' ಬರೆಯಲು ಮೊದಮೊದಲು ಎಲ್ಲರೂ ಗೊಣಗಿದರು. ಈಗ ಜಾಸ್ತಿ ಓದುವುದು ಅದನ್ನೇ.

ಫೋನ್ ಕರೆಗಳದೇ ದೊಡ್ಡ ತಲೆನೋವು. ಇಟ್ಟ ಮೇಲೆ ಬರೆಯೋಣ ಅಂದರೆ ಮರೆತೇ ಹೋಗುತ್ತದೆ. ಎಲ್ಲರಿಗಿಂತ ಜಾಸ್ತಿ ಮರೆತವನು ನಾನೇ. ಈಗ ಫೋನ್ ಇಡುವ ಮೊದಲೇ ಟೈಪ್ ಮಾಡಿ, ಆ ಕಡೆಯವರಿಗೆ ಓದಿ ಹೇಳುತ್ತೇನೆ. ಎಷ್ಟೋ ಸಲ "ಅಯ್ಯೋ, ನಾನು ಹೇಳಿದ್ದು ಹಾಗಲ್ಲ" ಅನ್ನುತ್ತಾರೆ. ಆಗಲೇ ತಿದ್ದಿಬಿಡುತ್ತೇನೆ.

ಫೈಲುಗಳದ್ದೂ ಇದೇ ಕತೆ. 'ಫೈನಲ್', 'ಫೈನಲ್ 2', 'ಇದೇ ಫೈನಲ್' ಅಂತ ಓಡಾಡುತ್ತಿದ್ದವು. ಈಗ ಫೈಲ್ ಕಳಿಸುವುದಿಲ್ಲ, ಲಿಂಕ್ ಮಾತ್ರ.

ಇನ್ನೊಂದು, ಯಾರದ್ದಾದರೂ ತಪ್ಪಿದ್ದರೆ ಅದನ್ನು ತೀರ್ಮಾನದ ಡಾಕ್‌ನಲ್ಲಿ ಬರೆಯುವುದಿಲ್ಲ. ಅವರೊಬ್ಬರ ಹತ್ತಿರ ಮಾತಾಡುತ್ತೇವೆ. ಬೈಗುಳ ಸೇರಿದರೆ ಆ ಡಾಕ್ ತೆರೆಯುವುದಕ್ಕೇ ಜನ ಹಿಂಜರಿಯುತ್ತಾರೆ.

ಮೊನ್ನೆ ಗ್ರೂಪಿನಲ್ಲಿ ಒಬ್ಬರು, "ಬಟನ್ ಯಾವ ಬಣ್ಣ ಅಂತಾಯ್ತು?" ಅಂತ ಕೇಳಿದರು. 'ನೀಲಿ' ಅಂತ ನಾನು ಟೈಪ್ ಮಾಡುವಷ್ಟರಲ್ಲಿ ಇನ್ನೊಬ್ಬರು "34 ನೋಡಿ" ಅಂತ ಹಾಕಿಬಿಟ್ಟಿದ್ದರು. ತೆರೆದು ನೋಡಿದೆ. ಹಸಿರು ಅಂತಿತ್ತು, ಬರೆದವನು ನಾನೇ.