ಶಿಯಾ ಬಟರ್: ಇಷ್ಟು ಗ್ರಾಂ ಅಂದರೆ ಎಷ್ಟು ಕಪ್?

ಅಡುಗೆಮನೆಯಲ್ಲಿರುವ ಒಂದು ಲೀಟರ್ ಎಣ್ಣೆ ಪ್ಯಾಕೆಟ್ ತೆಗೆದು ನೋಡಿ. ಸಾಮಾನ್ಯವಾಗಿ ಲೀಟರ್ ಪಕ್ಕದಲ್ಲೇ 910 ಗ್ರಾಂ ಅಂತಲೂ ಇರುತ್ತದೆ. ಶಿಯಾ ಬಟರ್ ಅಂದರೆ ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯುವ, ಕ್ರೀಮ್, ಬಾಮ್, ಸೋಪಿಗೆ ಹಾಕುವ ಗಟ್ಟಿ ಕೊಬ್ಬು; ಅದಕ್ಕೂ ಹೆಚ್ಚುಕಮ್ಮಿ ಅದೇ ಲೆಕ್ಕ. ಎಂಎಲ್ ಗೊತ್ತಿದ್ದರೆ 0.91ರಿಂದ ಗುಣಿಸಿ, ಗ್ರಾಂ ಸಿಗುತ್ತದೆ. ಗ್ರಾಂ ಗೊತ್ತಿದ್ದರೆ 0.91ರಿಂದ ಭಾಗಿಸಿ, ಎಂಎಲ್ ಸಿಗುತ್ತದೆ.

ಅಂದರೆ 5 ಎಂಎಲ್ ಟೀ ಚಮಚಕ್ಕೆ ಸುಮಾರು 4.5 ಗ್ರಾಂ, 15 ಎಂಎಲ್ ದೊಡ್ಡ ಚಮಚಕ್ಕೆ 13.65 ಗ್ರಾಂ, 240 ಎಂಎಲ್ ಕಪ್‌ಗೆ 218 ಗ್ರಾಂ. ನಿಮ್ಮ ಕಪ್ 250 ಎಂಎಲ್‌ದಾಗಿದ್ದರೆ 227 ಗ್ರಾಂ ಆಗುತ್ತದೆ, ಅದಕ್ಕೇ ಮೊದಲು ಕಪ್ ತಿರುಗಿಸಿ ತಳದಲ್ಲಿ ಏನು ಬರೆದಿದೆ ನೋಡಿಕೊಳ್ಳಿ.

ಆದರೆ ಈ ಲೆಕ್ಕ ಕರಗಿದ ಶಿಯಾಗೆ ಮಾತ್ರ ಸರಿಯಾಗಿ ಹೊಂದುತ್ತದೆ. ಘಾನಾ, ಬುರ್ಕಿನಾ ಫಾಸೋ ಕಡೆಯಿಂದ ಬರುವ ಸಂಸ್ಕರಿಸದ ಶಿಯಾ ಗಟ್ಟಿ ಇರುತ್ತದೆ. ಚಮಚದಲ್ಲಿ ಕೆರೆದರೆ ಪುಡಿಪುಡಿಯಾಗಿ, ತುಂಡುತುಂಡಾಗಿ ಬರುತ್ತದೆ. ಒಮ್ಮೆ ಲಿಪ್ ಬಾಮ್ ಮಾಡಲು ಆ ತುಂಡುಗಳನ್ನೇ ಅರ್ಧ ಕಪ್ ತುಂಬಿಸಿದೆ, 109 ಗ್ರಾಂ ಇರಬೇಕಿತ್ತು, ಆಮೇಲೆ ತೂಗಿ ನೋಡಿದರೆ ಬರೀ 75 ಇತ್ತು. ಜೇನುಮೇಣ ಮಾತ್ರ ಪೂರ್ತಿ ಹಾಕಿದ್ದೆ, ಬಾಮ್ ಮೇಣದಬತ್ತಿಯ ಹಾಗೆ ಗಟ್ಟಿಯಾಯಿತು. ಹಾಗಾಗಿ ಬಿಸಿನೀರಿನ ಪಾತ್ರೆಯೊಳಗೆ ಬಟ್ಟಲಿಟ್ಟು ಕರಗಿಸಿ, ಆಮೇಲೆ ಅಳೆಯಿರಿ. ಜಾಸ್ತಿ ಕಾಯಿಸಬೇಡಿ, ಬಿಸಿಯಾದಷ್ಟೂ ಹಿಗ್ಗುತ್ತದೆ.

ಬೀಟರ್ ಹಾಕಿ ಉಬ್ಬಿಸಿದ ಶಿಯಾ ಕ್ರೀಮ್ ಅನ್ನಂತೂ ಕಪ್‌ನಲ್ಲಿ ಅಳೆಯಲೇಬೇಡಿ. ಅದರಲ್ಲಿ ಗಾಳಿಯೇ ತುಂಬಿರುತ್ತದೆ.

ಔನ್ಸ್ ಇನ್ನೊಂದು ತಲೆನೋವು. ಅಮೆರಿಕದ ರೆಸಿಪಿಯಲ್ಲಿ ತೂಕದ ಔನ್ಸ್ ಅಂದರೆ 28.35 ಗ್ರಾಂ, ಫ್ಲೂಯಿಡ್ ಔನ್ಸ್ ಅಂದರೆ 29.57 ಎಂಎಲ್, ಅಷ್ಟು ಶಿಯಾ ತೂಗಿದರೆ 27 ಗ್ರಾಂ ಆಸುಪಾಸು. ಕ್ರೀಮಿಗೆ ಈ ವ್ಯತ್ಯಾಸ ಏನೂ ಅಲ್ಲ.

ಸೋಪಿಗೆ ಮಾತ್ರ ಕಪ್-ಚಮಚದ ಲೆಕ್ಕ ಬೇಡವೇ ಬೇಡ. 100 ಗ್ರಾಂ ಶಿಯಾ ಸೋಪಾಗಲು 13 ಗ್ರಾಂ ಹತ್ತಿರ ಕಾಸ್ಟಿಕ್ ಸೋಡಾ ಹಿಡಿಯುತ್ತದೆ. ಶಿಯಾ ಕಡಿಮೆ ಬಿದ್ದರೆ ಸೋಡಾ ಹಾಗೇ ಉಳಿದು ಚರ್ಮ ಸುಡುತ್ತದೆ. ಎರಡನ್ನೂ ಡಿಜಿಟಲ್ ತಕ್ಕಡಿಯಲ್ಲೇ ತೂಗಿ.

ಕ್ರೀಮ್, ಬಾಮ್ ಮಾಡುವವರ ಹತ್ತಿರ ತಕ್ಕಡಿ ಇಲ್ಲವಾ? ಗುರುತು ಹಾಕಿದ ಅಳತೆ ಜಾರ್‌ನಲ್ಲಿ 100 ಎಂಎಲ್ ತಣ್ಣೀರು ಹಾಕಿ, ಗಟ್ಟಿ ಶಿಯಾ ತುಂಡನ್ನು ಮೆಲ್ಲಗೆ ಬಿಡಿ. ಅದು ತೇಲುತ್ತದೆ. ಜಾರ್‌ನ ಬದಿ ತಳ ಏನೂ ತಾಗದ ಹಾಗೆ ತೇಲುತ್ತಿರುವಾಗ ನೀರು 145ಕ್ಕೆ ಏರಿದರೆ ಆ ತುಂಡು 45 ಗ್ರಾಂ ಇದೆ ಅಂತ ಅರ್ಥ, ಯಾಕೆಂದರೆ ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಅದನ್ನೇ ಕಡ್ಡಿಯಿಂದ ಪೂರ್ತಿ ಮುಳುಗುವಷ್ಟು ಒತ್ತಿ ಹಿಡಿದರೆ ನೀರು 149-150ರ ಹತ್ತಿರ ಬರುತ್ತದೆ. ಅದು ಎಂಎಲ್ ಲೆಕ್ಕ. ತೆಗೆದ ಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಫ್ಯಾನಿನ ಕೆಳಗೆ ಆರಲು ಬಿಡಿ. ಹನಿ ನೀರು ಉಳಿದರೂ ಬಾಮ್ ಬೂಸ್ಟು ಹಿಡಿಯುತ್ತದೆ.